ನೀರಿನಡಿಯ ನಾಮಫಲಕ

ಚುನಾವಣೆಗೆ ನಿಂತದ್ದು ನಾನಲ್ಲ, ನಮ್ಮ ವಾರ್ಡಿನ ಮೀಸಲಾತಿ. ಆ ಸಲ ಅದು ಮಹಿಳೆಗೆ ಬಂತು, ಮನೆಯವರು ನನ್ನ ಫೋಟೊ ತೆಗೆಸಿದರು. ಗೆದ್ದೆ. ಅಧ್ಯಕ್ಷ ಸ್ಥಾನವೂ ಮಹಿಳೆಗೇ ಬಂದದ್ದರಿಂದ, ಎನ್.ಆರ್.ಪುರದ ಹತ್ತಿರ ಭದ್ರಾ ಹಿನ್ನೀರಿನ ಅಂಚಿನಲ್ಲಿರುವ ನಮ್ಮ ಗ್ರಾಮ ಪಂಚಾಯಿತಿಗೆ ಎರಡೂವರೆ ವರ್ಷ ಅಧ್ಯಕ್ಷೆಯಾದೆ. ಮೊದಲ ಸಭೆಯಲ್ಲೇ ಮನೆಯವರು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಹೊರಗೆ ಹೋಗಿ ಕಾಫಿ ಕುಡಿಯಿರಿ ಎಂದು ಕಳಿಸಿದೆ. ಕೊಪ್ಪದಲ್ಲಿ ಡಿಗ್ರಿ ಓದಿದವಳು, ಹೇಳಿದಲ್ಲಿ ಸಹಿ ಹಾಕುವ ಅಧ್ಯಕ್ಷೆ ಅನ್ನಿಸಿಕೊಳ್ಳಬಾರದು ಎಂಬ ಹಠ. ಇದ್ದಬದ್ದ ಸುತ್ತೋಲೆಗಳನ್ನೆಲ್ಲ ಕೂತು ಓದಿದೆ.

ನಮ್ಮೂರಲ್ಲಿ ಒಬ್ಬರು ವಯಸ್ಸಾದ ಸಾಬರಿದ್ದರು. ಪೇಟೆಯಲ್ಲಿ ಕೊಡೆ ರಿಪೇರಿಯ ಅಂಗಡಿ. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಗ್ರಾಮಸಭೆಯಲ್ಲಿ ಉಳಿದವರು ಮನೆ, ಬೋರು, ಬೀದಿ ದೀಪ ಕೇಳಿದರೆ, ಕಾಕಾ ಕೇಳುತ್ತಿದ್ದುದು ನೀರಿನೊಳಗೆ ಹೋಗುವ ಒಂದು ರಸ್ತೆ. ಅವರು ಹುಡುಗನಾಗಿದ್ದಾಗ ಅಣೆಕಟ್ಟು ತುಂಬಿ ಹಳೇ ಊರು ಮುಳುಗಿತ್ತು. ಊರಿನ ಜೊತೆ ಖಬರಸ್ತಾನವೂ, ಅಲ್ಲಿ ಮಣ್ಣಾಗಿದ್ದ ಅವರ ತಂದೆಯೂ. ಮಳೆ ಕೈಕೊಟ್ಟ ವರ್ಷ ಬೇಸಿಗೆಯ ಕೊನೆಗೆ ನೀರು ಇಳಿದು, ಕೆಲವು ವಾರ ಎಲ್ಲ ಮೇಲೆ ಕಾಣುತ್ತದೆ.

“ಕೆಸರಲ್ಲಿ ಕಾಲು ಹೂತು ಹೋಗ್ತದೆ ಅಮ್ಮ. ಒಂದು ಸಲ ಅಪ್ಪನ ಹತ್ರ ಹೋಗಿ ದುವಾ ಮಾಡಿ ಬಂದ್ರೆ ಸಾಕು. ಸಾಯೋದ್ರೊಳಗೆ ನಂಗೆ ಬೇರೆ ಎಂತ ಬೇಡ” ಎನ್ನುತ್ತಿದ್ದರು.

“ಮೀನು ಓಡಾಡ್ಲಿಕ್ಕೆ ರಸ್ತೆನಾ ಮಾರಾಯ್ರೆ?” ಎಂದು ಸದಸ್ಯರು ನಕ್ಕರು. ನನಗೆ ಸಿಟ್ಟು ಬಂತು. ಹಳೇ ಗ್ರಾಮ ನಕ್ಷೆ ತರಿಸಿದೆ. ಅದರಲ್ಲಿ ರಸ್ತೆ ಇತ್ತು. ನಕ್ಷೆಗೆ ಅಣೆಕಟ್ಟಿನ ವಿಷಯ ಗೊತ್ತೇ ಇರಲಿಲ್ಲ. ‘ಇರುವ ರಸ್ತೆಯ ದುರಸ್ತಿ’ ಎಂದು ಬರೆಸಿ ಉದ್ಯೋಗ ಖಾತ್ರಿಯಲ್ಲಿ ಸೇರಿಸಿದೆ.

ಆ ವರ್ಷ ನೀರು ಚೆನ್ನಾಗಿ ಇಳಿಯಿತು. ಕೆಲಸ ನೋಡಲು ಹೋದಾಗ ನಡುಮಧ್ಯಾಹ್ನ. ಸುತ್ತ ಬೂದಿ ಬಣ್ಣದ ಬಿರುಕು ನೆಲ, ಮರಗಳ ಕರಿ ಬೊಡ್ಡೆಗಳು, ಮಣ್ಣು ತುಂಬಿದ ಬಾವಿ, ಸಾಲುಸಾಲು ಮನೆಗಳ ಪಂಚಾಂಗದ ಕಲ್ಲುಗಳು. ಒಂದು ಹಕ್ಕಿಯ ದನಿಯಿಲ್ಲ. ಬೇರೆ ಕಡೆ ಬಾಯಿ ಮುಚ್ಚದ, ಕೂಲಿಗೆ ಬಂದ ನಮ್ಮ ಹೆಂಗಸರು ಇಲ್ಲಿ ಪಿಸುಗುಡುತ್ತಿದ್ದರು. ಊಟದ ಹೊತ್ತಿಗೆ ಒಂದು ಮನೆಯ ಹೊಸ್ತಿಲು ಕಲ್ಲಿನ ಹೊರಗೆ ಚಪ್ಪಲಿ ಬಿಟ್ಟು ಒಬ್ಬೊಬ್ಬರೇ ಒಳಗೆ ಹೋದರು. ಗೋಡೆ ಎಂದರೆ ಮೊಣಕಾಲೆತ್ತರದ ಕಲ್ಲು, ಎಲ್ಲಿಂದ ಬೇಕಾದರೂ ದಾಟಬಹುದಿತ್ತು. ಯಾರೂ ದಾಟಲಿಲ್ಲ.

ಯಾಕೆ ಎಂದು ಕೇಳಿದೆ. “ಬಾಗಿಲು ಇರ್ಬೇಕಾದ್ರೆ ಗೋಡೆ ಹಾರ್ತಾರಾ ಅಮ್ಮ? ಮನೆಯವ್ರು ಎಂತ ತಿಳ್ಕೊಳ್ತಾರೆ?” ಎಂದಳು ಒಬ್ಬಳು, ದನಿ ತಗ್ಗಿಸಿ. ನಾನು ನಕ್ಕೆ. ಆದರೆ ಹೊರಡುವಾಗ ನಾನೂ ಬಾಗಿಲಿನಿಂದಲೇ ಹೊರಗೆ ಬಂದೆ, ಇಲ್ಲದ ಬಾಗಿಲವಾಡಕ್ಕೆ ತಲೆ ಬಗ್ಗಿಸಿಕೊಂಡು.

ಕಾಮಗಾರಿಯ ಜಾಗದಲ್ಲಿ ಸಿಮೆಂಟಿನ ನಾಮಫಲಕ ನಿಲ್ಲಿಸಿ ಅದರ ಫೋಟೊ ಆನ್‌ಲೈನಿಗೆ ಹಾಕದಿದ್ದರೆ ಬಿಲ್ ಆಗುವುದಿಲ್ಲ. ಗಾರೆಯವನು ಗಟ್ಟಿ ನೆಲ ಸಿಕ್ಕಲ್ಲಿ, ರಸ್ತೆಯ ಆ ತುದಿಯಲ್ಲಿ ನಿಲ್ಲಿಸಿದ. ಆ ತುದಿ ಎಂದರೆ ಖಬರಸ್ತಾನ. ಫೋಟೊ ಮೊಬೈಲಿಗೆ ಬಂದಾಗ ದೊಡ್ಡದು ಮಾಡಿ ನೋಡಿದೆ. ಹೆಸರಿಲ್ಲದ ಗಿಡ್ಡ ಕಲ್ಲುಗಳ ಸಾಲಿನಲ್ಲಿ ನೆಟ್ಟಗೆ ನಿಂತ ಒಂದೇ ಕಲ್ಲು, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಅಧ್ಯಕ್ಷರು’ ಎಂದು ನನ್ನ ಹೆಸರು. ಅತ್ತೆ ನೋಡಿ, “ಥೂ, ಬದುಕಿದ್ದವಳ ಹೆಸರು ಅಲ್ಲಿ ಎಂತಕ್ಕೆ? ತೆಗೆಸು” ಎಂದರು. ಆಡಿಟ್ ಆಗುವವರೆಗೆ ಮುಟ್ಟುವ ಹಾಗಿಲ್ಲ ಎಂದೆ.

ಕಾಕಾರನ್ನು ನಾನೇ ಕರೆದುಕೊಂಡು ಹೋದೆ. ಕೋಲೂರಿಕೊಂಡು ಹೊಸ ರಸ್ತೆಯಲ್ಲಿ ಮದುಮಗನ ಹಾಗೆ ನಡೆದರು. ಆದರೆ ಅಲ್ಲಿ ಅಪ್ಪನ ಗೋರಿಗೆ ಗುರುತಾಗಿ ಅವರ ನೆನಪಿನಲ್ಲಿದ್ದ ಮರ ಇರಲಿಲ್ಲ. ಕಲ್ಲುಗಳೆಲ್ಲ ಒಂದೇ ಥರ ಹೂಳು ಮೆತ್ತಿಕೊಂಡಿದ್ದವು. ಒಂದೊಂದರ ಮೇಲೂ ಅಂಗೈ ಇಟ್ಟು ನೋಡಿದರು, ಜ್ವರ ನೋಡುವವರ ಹಾಗೆ. ಕೊನೆಗೆ ನನ್ನ ಫಲಕದ ಎದುರು ಕೂತುಬಿಟ್ಟರು.

“ಇಷ್ಟರಲ್ಲಿ ಹೆಸರಿರೋದು ನಿಮ್ಗೊಬ್ರಿಗೇ ಅಮ್ಮ” ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಅದೇ ನನಗೆ ಚುಚ್ಚಿತು.

ಮರುದಿನ ಅರ್ಜಿ ಹಿಡಿದು ಕಚೇರಿಗೆ ಬಂದರು. ಫಲಕದ ಹಿಂಬದಿಯಲ್ಲಿ ತಂದೆಯ ಹೆಸರು ಬರೆಸಬೇಕು, ಅಷ್ಟೆ. ಆ ಸಂಜೆಯೇ ಪೇಂಟರನ್ನು ಕಳಿಸಿದ್ದರೆ ಆಗುತ್ತಿತ್ತು. ನಾನು ರೂಲ್ಸ್ ಬಲ್ಲ ಅಧ್ಯಕ್ಷೆ. ‘ಸಾಮಾಜಿಕ ಪರಿಶೋಧನೆಯ ನಂತರ ಪರಿಶೀಲಿಸುವುದು’ ಎಂದು ಅರ್ಜಿಯ ಮೂಲೆಯಲ್ಲಿ ಷರಾ ಬರೆದೆ. ಕಾಕಾ ಅದನ್ನು ನಿಧಾನಕ್ಕೆ ಓದಿ, “ನೀರು ಬರೋದ್ರೊಳಗೆ ಆದ್ರೆ ಆಯ್ತು” ಎಂದು ಎದ್ದು ಹೋದರು.

ವಾರದೊಳಗೆ ಮಳೆ ಹಿಡಿಯಿತು. ರಸ್ತೆ ದಿನಕ್ಕಿಷ್ಟು ಎಂದು ನೀರಿನೊಳಗೆ ಇಳಿಯಿತು. ಆ ಮಳೆಗಾಲ ದಾಟುವುದರೊಳಗೆ ಕಾಕಾ ತೀರಿಕೊಂಡರು. ಕೊನೆಕೊನೆಗೆ ‘ಬೋರ್ಡು ಆಯ್ತಾ’ ಎಂದು ಕೇಳುತ್ತಿದ್ದರಂತೆ, ಮಗ ಹೇಳಿದ. ಆಡಿಟ್‌ನವರು ದಸರಾ ಕಳೆದ ಮೇಲೆ ಬಂದರು. ಫಲಕದ ಹತ್ತಿರ ಹೋಗುವಂತಿರಲಿಲ್ಲ, ಫೋಟೊ ನೋಡಿ ಸರಿ ಹಾಕಿಕೊಂಡು ಹೋದರು. ಎರಡೂವರೆ ವರ್ಷದಲ್ಲಿ ಏನೇನೋ ಮಾಡಿಸಿದ್ದೇನೆ, ಆದರೆ ಆ ಒಂದು ಷರಾ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಚುನಾವಣೆಯಲ್ಲಿ ಸೋತೆ, ಅದರ ಬೇಜಾರಿಲ್ಲ. ಆಮೇಲೆ ಪ್ರತಿ ಬೇಸಿಗೆಯೂ ಆ ಅರ್ಜಿಯ ನಕಲು, ಪೇಂಟಿನ ಡಬ್ಬಿ ಹಿಡಿದು ಹಿನ್ನೀರಿನ ಅಂಚಿಗೆ ಹೋಗುತ್ತೇನೆ. ಒಳ್ಳೆ ಮಳೆಯ ವರ್ಷಗಳು, ನೀರು ಇಳಿಯುವುದೇ ಇಲ್ಲ. ಕಳೆದ ಸಲ ತೆಪ್ಪ ಕಟ್ಟುತ್ತಿದ್ದ ಮೀನಿನವನೊಬ್ಬನನ್ನು ಕೇಳಿದೆ, ಖಬರಸ್ತಾನ ಕಾಣಲು ಇನ್ನೆಷ್ಟು ಇಳಿಯಬೇಕು ಎಂದು. ಅವನಿಗೆ ನನ್ನ ಗುರುತಿಲ್ಲ.

“ಅಲ್ಲಿ ಅಧ್ಯಕ್ಷರು ನಿಂತಿದ್ದಾರಲ್ಲ ಅಕ್ಕ, ಬಲೆ ಯಾವಾಗ್ಲೂ ಅವ್ರಿಗೇ ಸಿಕ್ಕಿ ಹಾಕಿಕೊಳ್ಳೋದು” ಎಂದ. “ಅವ್ರ ತಲೆ ಮೇಲೆ ಇನ್ನೂ ಎರಡಾಳು ನೀರಿದೆ. ಈ ವರ್ಷ ಮೇಲೆ ಬರೋದಿಲ್ಲ ಬಿಡಿ.”