ಕಣ್ಣು ಮುಚ್ಚಿ ಆಡಿದ ಪ್ರಾಸದ ಆಟ

2009ರಲ್ಲಿ ನಾನು ತುಮಕೂರು ರಸ್ತೆಯ ಮಾಕಳಿಯ ಆಸುಪಾಸಿನ ಒಂದು ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯ ಶಿಕ್ಷಕಿಯಾಗಿದ್ದೆ. ಮಕ್ಕಳ ತಂದೆತಾಯಿಯರಲ್ಲಿ ಹೆಚ್ಚಿನವರು ಅಲ್ಲಿಯೇ ಹುಟ್ಟಿ ಬೆಳೆದ ಊರಿನವರು, ಈಗ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಿಗೆ ಕೆಲಸಕ್ಕೆ ಹೋಗುವವರು. ನನ್ನ ಸ್ವಭಾವವನ್ನೂ ಮೊದಲೇ ಹೇಳಿಬಿಡುತ್ತೇನೆ. ಮಗುವೊಂದು ಕೆಮ್ಮಿದರೆ ಸಾಕು, ಹೋಗಿ ಹಣೆ ಮುಟ್ಟಿ ನೋಡುವವಳು ನಾನು. ಸಹೋದ್ಯೋಗಿಗಳು ನನಗೆ ‘ಗಾಬರಿ ಮಿಸ್’ ಎಂದೇ ಹೆಸರಿಟ್ಟಿದ್ದರು.

ಅಕ್ಷರ ಹೇಳಿಕೊಡುವ ಮುಂಚೆ ನಾನು ಮಕ್ಕಳಿಗೆ ಪ್ರಾಸಪದ ಗುರುತಿಸುವುದನ್ನು ಕಲಿಸುತ್ತಿದ್ದೆ. ಬಳೆ–ಮಳೆ, ಹಾಲು–ಕಾಲು, ಹೀಗೆ ಕೊನೆ ಒಂದೇ ರೀತಿ ಕೇಳಿಸುವ ಜೋಡಿಗಳು. ಕೊನೆ ಕೂಡಿದರೆ ಚಪ್ಪಾಳೆ, ಕೂಡದಿದ್ದರೆ ಕೈ ತೊಡೆಯ ಮೇಲೆ. ಮಕ್ಕಳು ಇದನ್ನು ‘ಬಾಲ ಸೇರಿಸೋ ಆಟ’ ಎನ್ನುತ್ತಿದ್ದರು. ಮಾತಿನೊಳಗಿನ ಸದ್ದನ್ನು ಬಿಡಿಸಿ ಕೇಳುವ ಅಭ್ಯಾಸವಾದರೆ ಮುಂದೆ ಓದುವುದು ಸಲೀಸಾಗುತ್ತದೆ ಎಂಬುದು ನನ್ನ ಅನುಭವ.

ಆ ವರ್ಷ ಈ ಆಟದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಸಹನಾ. ಮಾತು ಕಡಿಮೆ. ಮೊದಲ ಸಾಲಿನಲ್ಲಿ ಕುಳಿತು ನನ್ನ ಮುಖವನ್ನೇ ನುಂಗುವಂತೆ ನೋಡುತ್ತಿದ್ದಳು, ಜೋಡಿ ಹೇಳಿ ಮುಗಿಸುವಷ್ಟರಲ್ಲಿ ಚಪ್ಪಾಳೆ ತಟ್ಟಿರುತ್ತಿದ್ದಳು. ಹಿಂದಿನ ಸಾಲಿನ ಕಳ್ಳರು ಅವಳ ಕೈ ನೋಡಿಕೊಂಡು ತಾವೂ ತಟ್ಟುತ್ತಿದ್ದರು. ಅವರ ಆಟ ನಿಲ್ಲಿಸೋಣವೆಂದು ಒಂದು ದಿನ ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಲು ಹೇಳಿದೆ.

“ಬಳೆ, ಮಳೆ” ಎಂದೆ. ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಸಹನಾ ತಟ್ಟಲಿಲ್ಲ. “ಹಾಲು, ಕಾಲು” ಎಂದೆ. ಅವಳ ಕೈ ತೊಡೆ ಬಿಟ್ಟು ಮೇಲೇಳಲಿಲ್ಲ. ಆಮೇಲೆ ಮೆಲ್ಲಗೆ ಒಂದು ಕಣ್ಣು ತೆರೆದು ನನ್ನ ಬಾಯಿಯನ್ನು ಹುಡುಕಿದಳು.

ಮಧ್ಯಾಹ್ನ ಊಟವಾದ ಮೇಲೆ ಅವಳ ಹಿಂದೆ ನಿಂತು ಮಾಮೂಲಿ ದನಿಯಲ್ಲಿ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಎದುರು ಬಂದು ಕರೆದೆ, ನಕ್ಕಳು. ಬಾಯಿಗೆ ಸ್ಲೇಟು ಅಡ್ಡ ಹಿಡಿದು ಕರೆದೆ. ನಗು ಹಾಗೇ ಇತ್ತು, ಉತ್ತರ ಬರಲಿಲ್ಲ. ಇಷ್ಟು ದಿನ ಈ ಮಗು ಪ್ರಾಸವನ್ನು ಕೇಳುತ್ತಿರಲಿಲ್ಲ, ನನ್ನ ತುಟಿಯ ಮೇಲೆ ನೋಡುತ್ತಿತ್ತು.

ಆ ಸಂಜೆಯೇ ಅವರ ಮನೆಗೆ ಹೋದೆ. ತಂದೆ ಚಿಕ್ಕಣ್ಣ, ತಾಯಿ ರತ್ನಮ್ಮ ಇಬ್ಬರೂ ಒಂದೇ ಪವರ್ ಪ್ರೆಸ್ ಶೆಡ್ಡಿನಲ್ಲಿದ್ದವರು. ಪವರ್ ಪ್ರೆಸ್ ಎಂದರೆ ತಗಡನ್ನು ಅಚ್ಚಿನ ಮೇಲಿಟ್ಟು ಗುದ್ದಿ ಕತ್ತರಿಸುವ ಯಂತ್ರ. ಅದರ ಸದ್ದಿನಲ್ಲಿ ಕೂಗಿದರೂ ಪ್ರಯೋಜನವಿಲ್ಲ, ಹಾಗಾಗಿ ಅಲ್ಲಿನವರು ತುಟಿ ಅಲ್ಲಾಡಿಸಿ, ಕೈಸನ್ನೆ ಮಾಡಿ ಮಾತಾಡುತ್ತಾರೆ. ಆ ರೂಢಿ ಇವರ ಮನೆಗೂ ಬಂದಿತ್ತು. ಟಿವಿ ಕಿರುಚುತ್ತಿತ್ತು. ರತ್ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಹೆಬ್ಬೆರಳು ಬಾಯಿಯ ಕಡೆ ತೋರಿಸಿದರು. ಚಿಕ್ಕಣ್ಣ ನನಗೂ ಸೇರಿಸಿ ಮೂರು ಬೆರಳೆತ್ತಿದರು. ಮೂರು ಕಾಫಿ ಬಂತು. ಯಾರೂ ಬಾಯಿಬಿಟ್ಟಿರಲಿಲ್ಲ! ಇಂಥ ಮನೆಯಲ್ಲಿ ಮಗುವಿಗೆ ಕೇಳಿಸದಿದ್ದರೆ ಗೊತ್ತಾಗುವುದಾದರೂ ಹೇಗೆ?

ವಿಷಯ ಹೇಳಿದೆ. ಚಿಕ್ಕಣ್ಣನವರ ಮುಖ ಬಿಗಿಯಿತು.

“ನಮ್ಮನೇಲಿ ಎಲ್ರೂ ಇಂಗೇ ಮೇಡಂ, ಮುಖ ನೋಡ್ಕೊಂಡೇ ಮಾತಾಡೋದು. ಅವಳ್ಗೇನೂ ಆಗಿಲ್ಲ. ನಮ್ ಮಗೀನ ಕಿವುಡಿ ಅಂತ ಯಾರೂ ಅನ್ಬಾರ್ದು.”

“ಅಂತಿಲ್ಲ ಚಿಕ್ಕಣ್ಣ, ಒಂದ್ಸಲ ತೋರಿಸೋಣ ಅಂತಿದೀನಿ.”

“ಬ್ಯಾಡ” ಎಂದು ಎದ್ದು ಹೊರಗೆ ಹೋದರು.

ಮಾತು ಬೆಳೆಯುವ ವಯಸ್ಸಿದು, ತಡವಾದಷ್ಟೂ ಕಷ್ಟ. ತರಗತಿಯಲ್ಲಿ ನಾನು ಬೋರ್ಡಿನ ಕಡೆ ತಿರುಗಿ ಮಾತಾಡುವುದನ್ನೇ ಬಿಟ್ಟೆ. ತಿರುಗಿದ ಕ್ಷಣವೇ ಆ ಮಗು ಒಂಟಿಯಾಗುತ್ತದೆ ಎಂಬ ಸಂಕಟ. ಕೊನೆಗೆ ರತ್ನಮ್ಮನವರೇ ಶಾಲೆಗೆ ಬಂದರು.

“ಅವ್ರು ಒಪ್ಪೋ ಗಂಟ ಕಾಯಾಕಾಗಲ್ಲ ಮಿಸ್. ನಾನ್ ರಜ ಆಕ್ತೀನಿ. ನೀವೂ ಜೊತೇಲಿ ಬನ್ನಿ.”

ಆಸ್ಪತ್ರೆಯ ಗೇಟಿನ ಬಳಿ ನೋಡಿದರೆ ಚಿಕ್ಕಣ್ಣ ನಮಗಿಂತ ಮೊದಲೇ ಬಂದು ನಿಂತಿದ್ದರು. ಮಗಳನ್ನು ಎತ್ತಿಕೊಂಡರು.

ಆಡಿಯೋಮೆಟ್ರಿ ಎಂಬುದು ಶ್ರವಣ ಪರೀಕ್ಷೆ. ಸದ್ದು ನುಗ್ಗದ ಚಿಕ್ಕ ಕೋಣೆಯಲ್ಲಿ ಮಗುವಿನ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ, ಸದ್ದು ಕೇಳಿದಾಗಲೆಲ್ಲ ಮಗು ಒಂದು ಮಣಿಯನ್ನು ಡಬ್ಬಿಗೆ ಹಾಕಬೇಕು. ಗಾಜಿನ ಆಚೆಯಿಂದ ನೋಡುತ್ತಿದ್ದೆವು. ಸಹನಾಳ ಕೈಯಲ್ಲಿದ್ದ ಮಣಿ ಬಹಳ ಹೊತ್ತು ಕೈಯಲ್ಲೇ ಇತ್ತು. ಹಾಕು ಕಂದಾ, ಹಾಕು ಎಂದು ಒಳಗೊಳಗೇ ಬೇಡಿಕೊಂಡೆ. ಚಿಕ್ಕಣ್ಣ ನೋಡಲಾರದೆ ತಲೆ ತಗ್ಗಿಸಿಬಿಟ್ಟಿದ್ದರು.

ವೈದ್ಯರು ತಲೆ ಬಗ್ಗಿಸಿ ಬರೆಯುತ್ತಲೇ ಏನೋ ಕೇಳಿದರು. ಚಿಕ್ಕಣ್ಣ ಸುಮ್ಮನಿದ್ದರು, ರತ್ನಮ್ಮ ಉತ್ತರಿಸಿದರು. ಭಯಕ್ಕೆ ಮಾತು ಹೊರಡುತ್ತಿಲ್ಲ ಅಂದುಕೊಂಡೆ. ಆಮೇಲೆ ವೈದ್ಯರು ತಲೆಯೆತ್ತಿದರು.

“ಕಿವಿ ನರ ಚೆನ್ನಾಗಿದೆ. ಕಿವಿತಮಟೆ ಹಿಂದೆ ಅಂಟಿನ ಥರ ದ್ರವ ತುಂಬ್ಕೊಂಡಿದೆ. ನೋವಿರಲ್ಲ, ಸೋರಲ್ಲ, ಅದಕ್ಕೇ ಗೊತ್ತಾಗಿಲ್ಲ. ಸಣ್ಣ ಆಪರೇಷನ್ ಮಾಡಿ ತೆಗೆದ್ರೆ ಕೇಳಿಸುತ್ತೆ. ನರ ಹೋಗಿದ್ರೆ ನಮ್ಮ ಕೈಲಿ ಏನೂ ಇರ್ತಿರಲಿಲ್ಲ.”

ಚಿಕ್ಕಣ್ಣ ಹೆಂಡತಿಯ ಮುಖ ನೋಡಿದರು. ರತ್ನಮ್ಮ ಕೈಸನ್ನೆಯಲ್ಲಿ ಏನೋ ತಿಳಿಸಿದರು. ಚಿಕ್ಕಣ್ಣ ಗೋಡೆಯ ಕಡೆ ತಿರುಗಿ ಬಿಕ್ಕಿಬಿಕ್ಕಿ ಅತ್ತರು.

ಆಪರೇಷನ್ ಆಯಿತು. ಸಹನಾ ಶಾಲೆಗೆ ಮರಳಿದ ದಿನ ಫ್ಯಾನಿನ ಸದ್ದಿಗೇ ಬೆಚ್ಚಿ ಮೇಲೆ ನೋಡಿದಳು. ನಾನು ಎಲ್ಲರಿಗೂ ಕಣ್ಣು ಮುಚ್ಚಿಸಿದೆ. ಆಮೇಲೆ ಅವಳ ಬೆನ್ನ ಹಿಂದೆ ಹೋಗಿ, “ಬಳೆ, ಮಳೆ” ಎಂದೆ. ಬಿಗಿಯಾಗಿ ಕಣ್ಣು ಮುಚ್ಚಿಕೊಂಡೇ ಅವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ನನ್ನ ಕಣ್ಣು ತುಂಬಿ ಬಂತು.

ಅವಳನ್ನು ಬಿಡಲು ಬಂದಿದ್ದ ಚಿಕ್ಕಣ್ಣ ಬಾಗಿಲ ಹೊರಗೆ, ನಮಗೆ ಬೆನ್ನು ಮಾಡಿ ನಿಂತಿದ್ದರು. “ಚಿಕ್ಕಣ್ಣ, ಒಳಗೆ ಬನ್ನಿ” ಎಂದೆ. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಕರೆದೆ. ಸಹನಾ ಕಣ್ಣು ತೆರೆದು ಎದ್ದು ಹೋಗಿ ಅಪ್ಪನ ಅಂಗಿ ಎಳೆದಳು, ನನ್ನ ಕಡೆ ತೋರಿಸಿ ಅಂಗೈ ಆಡಿಸಿದಳು. ಕರೆಯುತ್ತಿದ್ದಾರೆ ಎಂದು.

ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು.

“ನಂಗೊತ್ತು ಮೇಡಂ. ಪ್ರೆಸ್ ಸದ್ದಿಗೆ ನನ್ದು ನರ ಓಗಿ ಬಾಳ ದಿನ ಆಯ್ತು. ಹೇಳಿದ್ರೆ ಮಿಷನ್ನಿಂದ ಎಬ್ಬುಸಿ ಮನೇಗ್ ಕಳುಸ್ತಾರೆ ಅಂತ ಸುಮ್ನಿದೀನಿ. ನೀವ್ ಅವತ್ತು ಮನೇಗ್ ಬಂದಾಗ, ನನ್ದೇ ಮಗೀಗೂ ಬಂದ್ಬಿಡ್ತು ಅನ್ಕೊಂಡೆ. ಡಾಕ್ಟ್ರು ಬಾಯಲ್ಲಿ ಅದನ್ನ ನೋಡೋಕೆ ನಂಗೆ ಧೈರ್ಯ ಇರ್ಲಿಲ್ಲ.”

ಇರುವಷ್ಟನ್ನಾದರೂ ಉಳಿಸಿಕೊಳ್ಳಿ, ಶೆಡ್ಡಿನಲ್ಲಿ ಕಿವಿಗೆ ರಕ್ಷಾಕವಚ ಹಾಕಿಕೊಳ್ಳಿ ಎಂದೆ, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ.

ನಿವೃತ್ತಿಯವರೆಗೂ ಎರಡು ಪದ್ಧತಿಗಳನ್ನು ಬಿಡಲಿಲ್ಲ. ಚುರುಕಾಗಿರುವ ಮಗುವಿಗೂ ಕೇಳಿಸದೆ ಇರಬಹುದೆಂದು ಸಹನಾ ನನಗೆ ಕಲಿಸಿದ್ದಳು. ಆದ್ದರಿಂದ ಶಾಲೆ ತೆರೆದ ಮೊದಲ ವಾರವೇ ಕಣ್ಣು ಮುಚ್ಚಿಸಿ ಪ್ರಾಸದ ಆಟ ಆಡಿಸುತ್ತಿದ್ದೆ. ಪೋಷಕರ ಸಭೆಯ ದಿನ ಬಾಗಿಲ ಬಳಿ ನಿಂತು, ಒಳಗೆ ಹೋಗುವವರನ್ನು ಹಿಂದಿನಿಂದ ಹೆಸರು ಹಿಡಿದು ಕರೆಯುತ್ತಿದ್ದೆ. ತಿರುಗಿ ನೋಡದೆ ನಡೆದು ಹೋಗುವವರು ಪ್ರತಿ ವರ್ಷವೂ ಇರುತ್ತಿದ್ದರು.