ಬರಿಗಾಲಿನ ರಾಕ್ಷಸ

ಆ ಸಿನಿಮಾದ ತಪ್ಪುಗಳನ್ನು ಈಗಲೂ ಒಂದೂ ಬಿಡದೆ ಹೇಳಬಲ್ಲೆ. ಕೆರೆಯಿಂದ ಎದ್ದು ಬರುವ ರಾಕ್ಷಸನ ಬೆನ್ನ ಮೇಲೆ ಜಿಪ್ ಕಾಣುತ್ತದೆ. ಬಾಲಕ್ಕೆ ತುಂಬಿದ ಹುಲ್ಲು ದಾರಿಯುದ್ದಕ್ಕೂ ಉದುರುತ್ತದೆ. ಅವನು ಮುರಿಯಬೇಕಾದ ಮನೆ ಅವನು ಮುಟ್ಟುವ ಮೊದಲೇ ಬೀಳುತ್ತದೆ. ಊರನ್ನೇ ನುಂಗುವಷ್ಟು ದೊಡ್ಡವನು ಎಂದು ನಾಯಕಿ ಚೀರುತ್ತಾಳೆ, ಮುಂದಿನ ದೃಶ್ಯದಲ್ಲಿ ನೋಡಿದರೆ ಎತ್ತಿನ ಬಂಡಿಗಿಂತ ಗಿಡ್ಡ. ಮೊದಲನೇ ಭಾಗವನ್ನು ಬೀದರಿನಲ್ಲಿ ನೋಡಿ, ಮೈಲೂರಿನ ಮನೆಯ ತನಕ ಅವ್ವನ ಸೆರಗು ಬಿಡದೆ ಬಂದವಳು ನಾನು. ಎರಡನೇ ಭಾಗದಲ್ಲಿ ನನಗೆ ಇಷ್ಟು ಮೋಸ ಆಗಬಾರದಿತ್ತು. ರಾಕ್ಷಸ ಹಸಿರು ಬಣ್ಣದವನು. ಮೊದಲ ಭಾಗದಿಂದ ಕತ್ತರಿಸಿ ತಂದು ಅಂಟಿಸಿದ ಕಡೆಗಳಲ್ಲಿ ಮಾತ್ರ ಕಂದು. ನಮಗೇನು ಕಣ್ಣಿಲ್ಲ ಅಂದುಕೊಂಡಿದ್ದರೋ ಏನೋ.

ಆದರೆ ಆ ಎರಡನೇ ಭಾಗದ ರಾಕ್ಷಸ ನನ್ನ ಸ್ವಂತ ಸೋದರಮಾವ.

ಅವ್ವನ ತವರು ಔರಾದ ಕಡೆ ಎರಡು ವರ್ಷ ಮಳೆ ಕೈಕೊಟ್ಟಿತ್ತು. ನಮ್ಮ ಕಣದಲ್ಲಿ ಜೋಳದ ರಾಶಿ ಕಾಣದೆಯೂ ಅಷ್ಟೇ ದಿನವಾಗಿತ್ತು. ಮನೆಗೆ ಬಂದವರಿಗೆ ಕಾಲು ತೊಳೆಯಲು ತಂಬಿಗೆ ನೀರು ಕೊಡುವ ರೂಢಿಯನ್ನು ಆಯಿ, ಅಂದರೆ ನನ್ನ ಅವ್ವನ ತಾಯಿ, ನಿಲ್ಲಿಸಿಬಿಟ್ಟಿದ್ದಳು. ನೀರು ಕುಡಿಯುವುದಕ್ಕಷ್ಟೇ. ಊರಿನ ಅರ್ಧ ಮಂದಿ ದುಡಿಯಲು ಹೈದರಾಬಾದಿನ ಹಾದಿ ಹಿಡಿದಾಗ ಮಾಮಾನೂ ಹೋದ, ಕಟ್ಟಡದ ಕೆಲಸಕ್ಕೆ. ವರ್ಷದ ಮೇಲೆ ಅಲ್ಲಿಂದ ಮರಳಿದ ಒಬ್ಬ ಮನುಷ್ಯ ಆಯಿಯ ಮುಂದೆ ಕೂತು, ನಿನ್ನ ಮಗ ಹೋದ ಹೊಸದರಾಗೇ ಮ್ಯಾಲಿಂದ ಬಿದ್ದಾನಂತ, ಒಂದು ಕಾಲು ತಗದಾರಂತ ಎಂದು ಹೇಳಿಹೋದ. ತಾನು ಕಣ್ಣಾರೆ ನೋಡಿಲ್ಲ ಅಂತಲೂ ಅಂದನಂತೆ. ಹಾಗಿದ್ದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಆಯಿಗೆ ಅನ್ನ ಸೇರದಾಯಿತು. ಕೆಲ ದಿನಕ್ಕೆ ಮಾಮಾನ ಕಾಗದ ಬಂತು. ರಜೆಗೆಂದು ಅವ್ವನ ಜೊತೆ ಹೋಗಿದ್ದ ನಾನೇ ಅದನ್ನು ಓದಿ ಹೇಳಿದೆ. ‘ನಾ ಆರಾಮ ಇದ್ದೀನಿ. ಕಟ್ಟಡದ ಕೆಲಸ ಬಿಟ್ಟು ಸಿನಿಮಾದಾಗ ರಾಕ್ಷಸ ಆಗೀನಿ. ಭಾಲ್ಕಿ ಟಾಕೀಸಿಗಿ ಬರ್ತದ, ಎಲ್ಲಾರೂ ನೋಡ್ರಿ.’ ವಿಳಾಸ ಇರಲಿಲ್ಲ. ಕಂಪನಿಯವರ ಜೊತೆ ಊರೂರು ತಿರುಗುತ್ತಿದ್ದನಂತೆ.

“ತಾಯಿಗಿ ಸಮಾಧಾನ ಆಗ್ಲಿ ಅಂತ ಬರದಾನ,” ಅಂದಳು ಆಯಿ. “ನನಗ ಅವನ ಕಾಲು ನೋಡಬೇಕು.”

“ಅಂವ ರಾಕ್ಷಸನ ವೇಷದಾಗ ಇರ್ತಾನ. ಕಾಲು ಹ್ಯಾಂಗ ಕಾಣ್ತಾವ?” ಅಂದಳು ಅವ್ವ.

“ಯಾವಾಗರ ಬಿಚ್ಚೇ ಬಿಚ್ತಾನಲ್ಲ.”

ಹುಟ್ಟಿ ಸಿನಿಮಾ ನೋಡಿರದ ಆಯಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಭಾಲ್ಕಿಯಲ್ಲಿ ಮಧ್ಯಾಹ್ನದ ಆಟಕ್ಕೆ ನಾವು ಮೂವರೂ ಕೂತೆವು. ರಾಕ್ಷಸ ಬಂದ ಕೂಡಲೇ ಜನ ಸಿಳ್ಳೆ ಹೊಡೆದು ನಗತೊಡಗಿದರು. ತಲೆಯಿಂದ ಕಾಲಿನವರೆಗೆ ರಬ್ಬರು. ಪಾದಗಳೋ ಮೊರದಷ್ಟು ಅಗಲ. ಒಳಗಿರುವವನು ಮಾಮಾನೋ ಮತ್ತೊಬ್ಬನೋ, ದೇವರಿಗೇ ಗೊತ್ತು. ಸಾಲದ್ದಕ್ಕೆ ಎಡಗಾಲು ಎಳೆದುಕೊಂಡು ನಡೆಯುತ್ತಿದ್ದ. ಆಯಿ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು.

“ಕುಂಟ್ಲಾಕತ್ತಾನ ನೋಡು. ಕಟ್ಟಿಗಿ ಕಾಲು ಇಟ್ಟಿರಬೇಕು.”

“ರಬ್ಬರ್ ಭಾರ ಆಗ್ಯಾದ, ಆಯಿ,” ಅಂದೆ. ನನಗೂ ನಂಬಿಕೆ ಇರಲಿಲ್ಲ. ಆ ಸಿನಿಮಾ ಮಾಡಿದವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಇಂಟರ್ವಲ್ ಆದ ಮೇಲೆ ರಾಕ್ಷಸ ಒಂದು ಹಳ್ಳಿಗೆ ನುಗ್ಗಿದ. ಎದುರಿಗೆ ಕಣ, ಕಣದ ನಡುವೆ ಹಳದಿ ರಾಶಿ. ಅದನ್ನು ತುಳಿದು ಹಾಳು ಮಾಡಲಿಕ್ಕೇ ಅವನು ಬಂದದ್ದು. ರೈತರೆಲ್ಲ ಕೈಮುಗಿದು ಬೇಡುತ್ತಿದ್ದಾರೆ. ರಾಕ್ಷಸ ಗರ್ಜಿಸಿ ಓಡಿಬಂದ. ಮರುಕ್ಷಣ ನೋಡಿದರೆ ಆ ಮೊರದಂಥ ರಬ್ಬರು ಪಾದಗಳೆರಡೂ ಕಣದ ಅಂಚಿನಲ್ಲಿ ಜೋಡಿಸಿಟ್ಟಂತೆ ಬಿದ್ದಿವೆ. ಮೇಲೆ ಮೊಸಳೆ ಮುಖ, ಕೆಳಗೆ ಮನುಷ್ಯನ ಬರಿಗಾಲು. ರಾಶಿಯನ್ನು ತುಳಿಯದೆ ಸುತ್ತು ಹಾಕಿ, ಬಗ್ಗಿ ಒಂದು ಬೆರಳಿನಿಂದ ಮುಟ್ಟಿ, ಉಗುರಿನ ಕೈಯನ್ನು ಹಣೆಗೆ ಒತ್ತಿಕೊಂಡು, ಮತ್ತೆ ಗರ್ಜಿಸುತ್ತ ಆಚೆ ಹೋದ. ಟಾಕೀಸಿನಲ್ಲಿ ಬಿದ್ದುಬಿದ್ದು ನಕ್ಕರು. “ರಾಕ್ಷಸಗ ಭಕ್ತಿ ಬಂತಲೇ,” ಅಂದ ಹಿಂದಿನವನೊಬ್ಬ.

ಆಯಿ ಎದ್ದು ನಿಂತಿದ್ದಳು.

“ಎರಡೂ ಕಾಲು ಅವ,” ಅಂದಳು. “ಎಡಗಾಲ ಹೆಬ್ಬಟ್ಟು ಸೊಟ್ಟ ಅದ ನೋಡು. ಹೊಲದಾಗ ಎತ್ತಿನ ಕುಂಟಿ ಹೊಡಿಯಾಗ ಬಡಿದಿದ್ದು. ನನ್ನ ಮಗನೇ ಇದ್ದಾನ.”

“ಕೂಡು ಆಯಿ, ನಮಗ ಕಾಣವಲ್ದು,” ಅಂದ ಹಿಂದಿನವನು.

“ವರ್ಷದ ಮ್ಯಾಲ ಮಗನ ಕಾಲು ನೋಡ್ಲಾಕತ್ತೀನಿ. ನೀ ಸ್ವಲ್ಪ ತಡಿಯಪ್ಪ.”

ಹೆಬ್ಬೆರಳು ನೋಡುವ ಅಗತ್ಯವೇ ನನಗಿರಲಿಲ್ಲ. ಕಣಕ್ಕೆ ಚಪ್ಪಲಿ ಹಾಕಿಕೊಂಡು ಇಳಿದರೆ ಮಾಮಾ ನನ್ನ ಬೆನ್ನಿಗೆ ಎರಡು ಬಿಗಿಯುತ್ತಿದ್ದ. ರಾಶಿ ದಾಟಿದರಂತೂ ಮುಗಿದೇಹೋಯಿತು. ಅವ್ವ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು, ನಾನು ಬೆಂಚಿನ ಮೇಲೆ ಹತ್ತಿ ಸಿಳ್ಳೆ ಹೊಡೆದೆ. ಜೀವನದಲ್ಲಿ ಅಷ್ಟು ಖುಷಿಯಾದ ಮಧ್ಯಾಹ್ನ ಇನ್ನೊಂದಿಲ್ಲ. ಆಯಿ ಗಂಟು ಬಿಚ್ಚಿ ನಮ್ಮ ಸಾಲಿನವರಿಗೂ ಹಿಂದಿನವನಿಗೂ ರೊಟ್ಟಿ ಹಂಚಿದಳು, ತಾನೂ ಹೊಟ್ಟೆ ತುಂಬ ತಿಂದಳು. ಕೊನೆಗೆ ನಾಯಕ ರಾಕ್ಷಸನನ್ನು ಈಟಿಯಿಂದ ತಿವಿದು ಕೊಂದ.

“ಸಾಯ್ಲಿ ಬಿಡು,” ಅಂದಳು ಆಯಿ, ರೊಟ್ಟಿ ಅಗಿಯುತ್ತ. “ಕಾಲು ಛಲೋ ಅವ.”

ಮುಂದಿನ ಮುಂಗಾರು ಚೆನ್ನಾಗಿ ಬಿತ್ತು, ಬಾವಿಗೆ ನೀರು ಬಂತು. ಸುದ್ದಿ ಕೇಳಿ ಮಾಮಾ ಊರಿಗೆ ಮರಳಿದ ದಿನ ನಾವೂ ಔರಾದಿಗೆ ಹೋಗಿದ್ದೆವು. ಅವನು ಹೊಸ್ತಿಲು ದಾಟುವ ಮೊದಲೇ ಆಯಿ ತಡೆದಳು. ತಂಬಿಗೆಯಲ್ಲ, ಬಕೆಟ್ಟಿನ ತುಂಬ ನೀರು ತಂದು, ಅವನ ಕಾಲ ಮೇಲೆ ತಾನೇ ಸುರಿಯತೊಡಗಿದಳು. ನನಗೆ ತಡೆಯಲಾಗಲಿಲ್ಲ. ಅಲ್ಲೇ ಕೇಳಿದೆ, ಯಾಕೆ ತುಳಿಯಲಿಲ್ಲ ಎಂದು.

“ಡೈರೆಕ್ಟರ್ ಮುಂಜಾನಿಂದ ಒದರಿದ,” ಅಂದ ಮಾಮಾ. “ಮನಿ ಮುರಿ ಅಂದ್ರ ಮುರಿತೇನಿ, ಬಸ್ಸು ಎತ್ತಿ ಒಗಿ ಅಂದ್ರ ಒಗಿತೇನಿ, ರಾಶಿ ತುಳಿಯಂಗಿಲ್ರಿ ಅಂದೆ. ರೀಲು ಮುಗಿಲಾಕ ಬಂದಿತ್ತು, ಹಂಗೇ ಬಿಟ್ರು.”

“ಖರೇ ಜೋಳ ಇತ್ತೇನು?”

“ಎಲ್ಲಿ ಜೋಳ. ಕಟ್ಟಿಗಿ ಕೊಯ್ದ ಹೊಟ್ಟಿನ ಮ್ಯಾಲ ಹಳದಿ ಬಣ್ಣ ಹಾಕಿದ್ರು. ಗೊತ್ತಿತ್ತು ನನಗ. ಆದ್ರ ಕಾಲು ಏಳಲಿಲ್ಲ.”

ಬಕೆಟ್ಟು ಅರ್ಧ ಖಾಲಿಯಾಗಿತ್ತು. ಮಾಮಾ ನಾಚಿಕೊಂಡು ಕಾಲು ಹಿಂದೆಳೆದುಕೊಂಡ.

“ಸಾಕು ಬಿಡವ್ವ, ಸ್ವಚ್ಛ ಆಗ್ಯಾವ.”

“ಸುಮ್ಮ ನಿಲ್ಲು,” ಅಂದಳು ಆಯಿ. “ಪಿಚ್ಚರದಾಗ ನೋಡೋದು ಭಾಳ ಲಗೂನ ಮುಗೀತು.”