ಹೇಳಿಬಿಟ್ಟ ಗಿಡದ ಹೆಸರು

ಹೆಮ್ಮಿಗೆಯಲ್ಲಿ ನಮ್ಮವ್ವ ಹುಣ್ಣಿಗೆ ಸೊಪ್ಪಿನ ಮದ್ದು ಕಟ್ಟುತ್ತಿದ್ದಳು. ಭಾನುವಾರ ಬೆಳಿಗ್ಗೆ ಜನ ನಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಅವಳು ಸೊಪ್ಪನ್ನು ಸೆರಗಿನಲ್ಲಿ ಮರೆಮಾಡಿ ತಂದು, ಒಳಗೇ ಅರೆದು ಕಟ್ಟುವಳು. ಗಿಡದ ಹೆಸರು ಬಾಯಿಬಿಟ್ಟರೆ ಮದ್ದಿನ ಶಕ್ತಿ ಹೋಗುತ್ತದೆಂದು ಅಜ್ಜಿ ಅವಳಿಂದ ಆಣೆ ಹಾಕಿಸಿಕೊಂಡಿದ್ದಳಂತೆ.

ನಾನು ಮೈಸೂರಿನಲ್ಲಿ ಔಷಧಿ ಗಿಡಗಳ ಮೇಲೆ ಪಿಎಚ್‌ಡಿಗೆ ಸೇರಿದ ಮೇಲೆ ಆ ಹೆಸರಿಗಾಗಿ ಅವಳ ಬೆನ್ನು ಬಿದ್ದೆ. ಮೂಢನಂಬಿಕೆ ಎಂದು ರೇಗಿದೆ, ಊಟ ಬಿಟ್ಟೆ. ಕೊನೆಗೆ ಹಿತ್ತಲಲ್ಲಿ ಮೆಲ್ಲಗೆ ಹೇಳಿದಳು. "ನಿನ್ ಓದ್ಗೆ ಅಂತ ಏಳಿವ್ನಿ ಕಣವ್ವ. ಇನ್ ಮ್ಯಾಕೆ ನಾನು ಮದ್ದು ಕಟ್ಟಾಕಿಲ್ಲ" ಎಂದಳು. ಭಾನುವಾರ ಬಂದವರನ್ನು ಹಾಗೆಯೇ ಕಳಿಸತೊಡಗಿದಳು. ಆ ಹೆಸರು ನನ್ನ ಥೀಸಿಸ್ಸಿನಲ್ಲಿ ದಪ್ಪಕ್ಷರದಲ್ಲಿದೆ, ಇಲ್ಲಿ ಬರೆಯುವ ಮನಸ್ಸಿಲ್ಲ.

ಕೀವು ತರುವ ಬ್ಯಾಕ್ಟೀರಿಯಾ ಒಂದು ಕಿಣ್ವ ಬಿಟ್ಟು, ಸುತ್ತಲಿನ ಮಾಂಸ ಕರಗಿಸುತ್ತಾ ಒಳಗಿಳಿಯುತ್ತದೆ. ಅವ್ವನ ಸೊಪ್ಪಿನಿಂದ ನಾನು ಬೇರ್ಪಡಿಸಿದ ಅಂಶ ಆ ಕಿಣ್ವವನ್ನು ತಡೆಯಿತು. ತಡೆದದ್ದು ಗಾಜಿನ ಕೊಳವೆಯಲ್ಲಿ, ಮನುಷ್ಯರ ಹುಣ್ಣಿನಲ್ಲಲ್ಲ. ನಂಜನಗೂಡಿನಲ್ಲಿ ಅವ್ವನ ತಮ್ಮನ ಮನೆಗೆ ಊಟಕ್ಕೆ ಹೋದಾಗ ನಾನು ಕೊಳವೆಯ ಮಾತನ್ನೇ ಎತ್ತಲಿಲ್ಲ. "ಅವ್ವನ ಮದ್ದು ಕೆಲಸ ಮಾಡುತ್ತೆ ಮಾವ, ನಾನೇ ಕಣ್ಣಾರೆ ನೋಡಿದೀನಿ" ಎಂದು ಜಂಬ ಕೊಚ್ಚಿಕೊಂಡೆ. ಮಾವ ಖುಷಿಯಾಗಿ ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದರು.

ಮಾವ ಅಲ್ಲಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿ. ಸಕ್ಕರೆ ಕಾಯಿಲೆಯವರು. ಬೂಟು ಕಚ್ಚಿ ಹೆಬ್ಬೆರಳ ಪಕ್ಕ ಹುಣ್ಣಾದರೂ ಅವರಿಗೆ ನೋಯಲಿಲ್ಲ. ಡಾಕ್ಟರು ಅಡ್ಮಿಟ್ ಆಗಿ ಎಂದರೆ, ಇವರು ಹೆಮ್ಮಿಗೆಗೆ ಬಂದು ಕೂತರು. ಅವ್ವ ಒಲ್ಲೆನೆಂದಳಂತೆ.

"ನಿನ್ ಮಗ್ಳೇ ಟೆಸ್ಟ್ ಮಾಡವ್ಳೆ. ನಿಂದೇನಕ್ಕ ಅಡ್ಡಗಾಲು?"

ತಮ್ಮನ ಮಾತು ಮೀರಲಾರದೆ ಕಟ್ಟಿದಳು. ಮೂರು ಭಾನುವಾರ ಕಟ್ಟಿದಳು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಪಾದ ಕಪ್ಪಾಗಿತ್ತು. ಮೈಸೂರಿನಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಅವ್ವ, ಮಾವನ ಹೆಂಡತಿ, ನಾನು. "ನಾನು ಎಸ್ರು ಏಳ್ಬಾರ್ದಾಗಿತ್ತು. ಶಕ್ತಿ ಓಗಿರೋ ಮದ್ದು ಕಟ್ಟಿ ನನ್ ತಮ್ಮನ್ ಕಾಲ್ನೇ ಕಳ್ದೆ" ಎಂದು ಅವ್ವ ಎದೆ ಬಡಿದುಕೊಂಡಳು.

ರಕ್ತವೇ ಸರಿಯಾಗಿ ಹರಿಯದ ಪಾದದ ಆಳಕ್ಕೆ ಮೇಲೆ ಕಟ್ಟಿದ ಸೊಪ್ಪು ಇಳಿಯುವುದಿಲ್ಲ. ಇದು ನನಗೆ ಒಬ್ಬಟ್ಟು ತಿನ್ನುವಾಗಲೂ ಗೊತ್ತಿತ್ತು. ತಪ್ಪು ನಿನ್ನದಲ್ಲವ್ವ, ನನ್ನದು ಎನ್ನಲು ಬಾಯಿ ತೆರೆದೆ. ಮಾವನ ಹೆಂಡತಿ ಅವ್ವನನ್ನು ದುರುಗುಟ್ಟಿ ನೋಡುತ್ತಿದ್ದರು. ಆ ಕಣ್ಣು ನನ್ನ ಕಡೆ ತಿರುಗುತ್ತದೆಂದು ಹೆದರಿ ಬಾಯಿ ಮುಚ್ಚಿಕೊಂಡೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಮುಚ್ಚಿಕೊಂಡೆ.

ಎರಡು ವರ್ಷವಾಯಿತು. ಮಾವ ಅವ್ವನ ಜೊತೆ ಮಾತು ಬಿಟ್ಟಿದ್ದಾರೆ. ನನ್ನನ್ನು ಮಾತ್ರ ಹಬ್ಬಕ್ಕೆ ಮೊದಲಿನ ಹಾಗೇ ಊಟಕ್ಕೆ ಕರೆಯುತ್ತಾರೆ. ನಾನು ಹೋಗುತ್ತೇನೆ.